ದೂಮಣ್ಣನ ಬೈಕು, ನನ್ನ ತೊಡೆಯ ಮೇಲಿನ ಪೆಟ್ಟಿಗೆ

ಬಿ.ಸಿ. ರೋಡು

ಪರದೇಶಕ್ಕೆ ಹೋಗಬೇಕೆಂದರೆ ವಿಮಾನವನ್ನೇ ಹತ್ತಬೇಕು ಎಂದು ಯಾರು ಹೇಳಿದರೋ ಕಾಣೆ. ನಾನು ಗದಗಿನಲ್ಲಿ ಬಸ್ಸು ಹತ್ತಿದೆ, ಘಟ್ಟ ಇಳಿದೆ, ಬೆಳಗಾಗುವ ಹೊತ್ತಿಗೆ ಬಂಟ್ವಾಳದ ಬಿ.ಸಿ. ರೋಡಿನಲ್ಲಿ ಕಣ್ಣುಜ್ಜುತ್ತ ನಿಂತಿದ್ದೆ. ಸುತ್ತಲಿನವರ ಒಂದು ಶಬ್ದವೂ ಅರ್ಥವಾಗಲಿಲ್ಲ. ತಮ್ಮತಮ್ಮಲ್ಲಿ ತುಳು ಆಡುತ್ತಿದ್ದವರು ನನ್ನ ಮುಖ ಕಂಡ ಕೂಡಲೇ ಕನ್ನಡಕ್ಕೆ ಹೊರಳುತ್ತಿದ್ದರು. ಆ ಕನ್ನಡವಾದರೂ ಎಂಥದ್ದು! ರೇಡಿಯೋದಲ್ಲಿ ವಾರ್ತೆ ಓದುವವರು ಬಾಳೆಹಣ್ಣು ಮಾರಲು ಕುಳಿತ ಹಾಗೆ. "ನಿಮಗೆ ಎಲ್ಲಿಗೆ ಹೋಗಲಿಕ್ಕೆ ಉಂಟು?" ಎಂದು ಹಣ್ಣಿನವನು ಕೇಳಿದಾಗ ನಾನು ಮಾಸ್ತರರ ಮುಂದೆ ನಿಂತವನಂತೆ ನೆಟ್ಟಗಾಗಿ ಉತ್ತರ ಕೊಟ್ಟೆ.

ಇದು ತೊಂಬತ್ತರ ದಶಕದ ಕೊನೆಯ ಮಾತು. ನಾನು ಗದಗಿನ ಒಂದು ಸಣ್ಣ ಆಸ್ಪತ್ರೆಯಲ್ಲಿ ರಕ್ತ ಪರೀಕ್ಷೆ ಮಾಡುವವನು. ನಮ್ಮ ಕಡೆ ಹಳ್ಳಿಯವರು ಬೆರಳತುದಿಯ ರಕ್ತ ಕೊಡುವುದಕ್ಕೂ ಒಂದು ದಿನದ ಕೆಲಸ ಬಿಟ್ಟು ಊರಿಗೆ ಬರಬೇಕಿತ್ತು. ಬರುವವರಿಗಿಂತ ಬಾರದೆ ಉಳಿಯುವವರೇ ಹೆಚ್ಚು. ಮೂಡಬಿದಿರೆಯಲ್ಲಿ ಒಬ್ಬ ಡಾಕ್ಟರು ಹಳ್ಳಿ ಹಳ್ಳಿಯ ಕ್ಲಿನಿಕ್ಕುಗಳಿಂದ ರಕ್ತ, ಕಫ ಎಲ್ಲವನ್ನೂ ಬೈಕಿನ ಮೇಲೆ ತರಿಸಿ ತಮ್ಮ ಲ್ಯಾಬಿನಲ್ಲಿ ಪರೀಕ್ಷೆ ಮಾಡುತ್ತಾರಂತೆ ಎಂದು ನಮ್ಮ ಸಾಹೇಬರ ಕಿವಿಗೆ ಬಿತ್ತು. "ಒಂದ್ ವಾರ ಹೋಗಿ ನೋಡ್ಕೊಂಡ್ ಬಾ ಬಸಣ್ಣ. ನಮ್ಮಲ್ಲೂ ಮಾಡೂಣು" ಎಂದು ಅವರು ನನ್ನನ್ನು ಅಟ್ಟಿದರು.

ನನ್ನನ್ನು ಕರೆದೊಯ್ಯಲು ಬಂದವರು ದೂಮಪ್ಪ. ಊರೆಲ್ಲ ಅವರನ್ನು ದೂಮಣ್ಣ ಎನ್ನುತ್ತಿತ್ತು, ಅರ್ಧ ಗಂಟೆಯಲ್ಲಿ ನಾನೂ ಅಂದೆ. ನಲವತ್ತೈದರ ಆಸುಪಾಸು, ಒಣಕಲು ಮೈ, ಮೊಣಕಾಲಿನ ತನಕ ಮಡಚಿದ ಪ್ಯಾಂಟು. ಲ್ಯಾಬಿನ ಬೈಕು ಓಡಿಸುವವರು ಇವರೇ. ನನ್ನ ಚೀಲ ನೋಡಿ, "ಇದರಲ್ಲಿ ಎಂತ ಮಾರಾಯ್ರೆ, ಕಲ್ಲು ತಂದಿದ್ದೀರಾ?" ಎಂದು ಕೇಳಿದರು. ಹೆಂಡತಿ ಕಟ್ಟಿಕೊಟ್ಟ ಜೋಳದ ಕಟಕ ರೊಟ್ಟಿ, ಎಂಟು ದಿನಕ್ಕಾಗುವಷ್ಟು. ಪರದೇಶದಲ್ಲಿ ಉಪವಾಸ ಬೀಳಬಾರದಲ್ಲ.

ನರಿಕೊಂಬು

ದೂಮಣ್ಣನ ಮನೆ ನರಿಕೊಂಬಿನಲ್ಲಿ, ನೇತ್ರಾವತಿಯ ದಂಡೆಗೆ ಹತ್ತಿರ. ಹೊರಗಿನ ಕೋಣೆಯಲ್ಲಿ ನನಗೆ ಚಾಪೆ ಹಾಸಿಕೊಟ್ಟರು. ಅದು ಏಪ್ರಿಲ್ ತಿಂಗಳು. ನಮ್ಮೂರಿನ ಬಿಸಿಲು ಸುಡುತ್ತದೆ, ಇಲ್ಲಿನ ಬಿಸಿಲು ಬೇಯಿಸುತ್ತದೆ. ಸ್ನಾನ ಮಾಡಿ ಟವೆಲಿನಿಂದ ಒರೆಸಿಕೊಳ್ಳುವಷ್ಟರಲ್ಲಿ ಮತ್ತೊಮ್ಮೆ ಸ್ನಾನವಾದಂತೆ ಮೈ ಒದ್ದೆ. ರೊಟ್ಟಿಗಳೂ ಎರಡೇ ದಿನಕ್ಕೆ ಮೆತ್ತಗಾಗಿ ಚರ್ಮದ ಹಾಗಾದವು. ಮೂರನೆಯ ದಿನ ದೂಮಣ್ಣನ ಹೆಂಡತಿ ಅವನ್ನು ಅನುಮಾನದಿಂದ ನೋಡಿ ಒಲೆಯ ಮೇಲೆ ಒಣಗಿಸಿಕೊಟ್ಟರು.

ನನ್ನ ನಿಜವಾದ ಕಷ್ಟ ಮೀನು. ನಮ್ಮ ಮನೆಯಲ್ಲಿ ತತ್ತಿಯನ್ನೂ ಒಳಗೆ ತರುವುದಿಲ್ಲ. ಇಲ್ಲಿ ಬೆಳಿಗ್ಗೆ ಒಂಬತ್ತಕ್ಕೆ ಒಂದು ಹಾರ್ನ್ ಕೇಳಿಸುತ್ತದೆ, ಮೂರು ಸಲ ಉದ್ದಕ್ಕೆ. ಮೀನಿನವರ ಗಾಡಿ. ಕೂಡಲೇ ಮನೆ ಮನೆಯಿಂದ ಹೆಂಗಸರು ಬಟ್ಟಲು ಹಿಡಿದು ಬರುತ್ತಾರೆ, ಅವರ ಹಿಂದೆ ಬೆಕ್ಕುಗಳು. ಆ ವಾಸನೆ ತಾಳಲಾರದೆ ನಾನು ಮೊದಲ ದಿನವೇ ಒಂದು ಉಪಾಯ ಮಾಡಿದೆ. ಕರವಸ್ತ್ರಕ್ಕೆ ತಲೆನೋವಿನ ಬಾಮು ಹಚ್ಚಿ ಮೂಗಿಗೆ ಕಟ್ಟಿಕೊಂಡೆ. ಲೋಕದ ಸಕಲ ವಾಸನೆಗಳೂ ಬಂದ್ ಆದವು. ದೂಮಣ್ಣ ನನ್ನನ್ನು ನೋಡಿ, "ದರೋಡೆಗೆ ಹೊರಟ ಹಾಗೆ ಕಾಣ್ತೀರಿ" ಎಂದರು, ಬಿಡಿಸಲು ಮಾತ್ರ ಒತ್ತಾಯ ಮಾಡಲಿಲ್ಲ.

ಅವರ ಪೆಟ್ಟಿಗೆಯ ಬಗ್ಗೆ ಹೇಳಬೇಕು. ಬಿಳಿಯ ಥರ್ಮೋಕೋಲ್ ಪೆಟ್ಟಿಗೆ. ಒಳಗೆ ಐಸಿನ ಪೊಟ್ಟಣ, ಅದರ ಮೇಲೆ ಕಾಗದದ ಪದರ, ಅದರ ಮೇಲೆ ರಕ್ತದ ಕೊಳವೆಗಳ ಸ್ಟ್ಯಾಂಡು. ಮುಚ್ಚಳಕ್ಕೆ ಸೈಕಲ್ ಟ್ಯೂಬಿನ ಕಟ್ಟು. ಒಂದು ಬದಿಗೆ ಕೆಂಪು ಬಣ್ಣದಲ್ಲಿ 'ಲ್ಯಾಬ್' ಎಂದು ಬರೆದಿತ್ತು. ಇಷ್ಟು ಗಟ್ಟಿ ಪೆಟ್ಟಿಗೆ ಎಲ್ಲಿ ಸಿಕ್ಕಿತು ಎಂದು ಕೇಳಿದೆ, ನಮ್ಮಲ್ಲೂ ಬೇಕಾಗುತ್ತದಲ್ಲ.

"ಮಂಗಳೂರಿನ ಬಂದರಿನಿಂದ. ಮೀನು ಕಳಿಸುವ ಪೆಟ್ಟಿಗೆಯೇ ಇದು, ಹೊಸತು. ತಂಪು ಇಡುವ ಪೆಟ್ಟಿಗೆ ನಮ್ಮ ಊರಲ್ಲಿ ಬೇರೆ ಯಾರ ಹತ್ತಿರ ಸಿಗ್ತದೆ?"

ಅವರು ಅದನ್ನು ಎಂದೂ ನೆಲಕ್ಕೆ ಇಡುತ್ತಿರಲಿಲ್ಲ. ಚಹಾಕ್ಕೆ ನಿಂತರೆ ಪೆಟ್ಟಿಗೆಯೂ ಒಳಗೆ ಬಂದು ಬೆಂಚಿನ ಮೇಲೆ ಕೂರಬೇಕು. ಒಂದು ಹೋಟೆಲಿನವನಂತೂ ತಮಾಷೆಗೆ ಪೆಟ್ಟಿಗೆಯ ಮುಂದೆಯೂ ಒಂದು ಲೋಟ ನೀರು ಇಡುತ್ತಿದ್ದ. ಇನ್ನೊಂದು ನೇಮ, ಒಳಗಿನ ಚೀಟಿಗಳ ಮೇಲಿನ ಹೆಸರು ಓದುವುದಿಲ್ಲ. "ಓದಿದರೆ ನಾಳೆ ಬಸ್ ಸ್ಟ್ಯಾಂಡಲ್ಲಿ ಅವರ ಮುಖ ನೋಡುವಾಗ ನನ್ನ ಮುಖ ಬೇರೆ ಆಗ್ತದೆ" ಎಂದರು. ಮೂರನೆಯದು, ಹಳ್ಳಿಯೊಳಗೆ ಹಾರ್ನ್ ಹಾಕುವುದಿಲ್ಲ. ಶುರುವಿನಲ್ಲಿ ಹಾಕುತ್ತಿದ್ದರಂತೆ. ಬಿಳಿ ಪೆಟ್ಟಿಗೆ ಕಟ್ಟಿದ ಬೈಕು, ಮೇಲೆ ಹಾರ್ನು, ಹೆಂಗಸರು ಬಟ್ಟಲು ಹಿಡಿದು ಓಡಿ ಬಂದು "ಬಂಗುಡೆ ಉಂಟಾ?" ಎಂದು ಕೇಳುತ್ತಿದ್ದರಂತೆ. ಒಬ್ಬಾಕೆ, ದೂಮಣ್ಣ ಬೇಡಬೇಡ ಎನ್ನುತ್ತಿರುವಾಗಲೇ ಮುಚ್ಚಳ ಎತ್ತಿ ನೋಡಿ, ಒಂದು ತಿಂಗಳು ಮೀನು ತಿನ್ನಲಿಲ್ಲವಂತೆ.

ಕೊಕ್ಕಡ, ಸೋಮವಾರ

ದೂಮಣ್ಣನ ದಾರಿ ಒಂದು ದೊಡ್ಡ ಸುತ್ತು. ಬಂಟ್ವಾಳದಿಂದ ಉಪ್ಪಿನಂಗಡಿಯ ಮೇಲೆ ಕೊಕ್ಕಡ, ಅಲ್ಲಿಂದ ಬೆಳ್ತಂಗಡಿ, ಗುರುವಾಯನಕೆರೆ, ವೇಣೂರು, ಕೊನೆಗೆ ಮೂಡಬಿದಿರೆಯ ಲ್ಯಾಬು. ಹಿಂದೆ ನಾನು ಕುಳಿತದ್ದರಿಂದ ಪೆಟ್ಟಿಗೆಗೆ ಜಾಗವಿಲ್ಲದೆ ಅದು ನನ್ನ ತೊಡೆಯ ಮೇಲೆ ಬಂತು. "ಮಗುವನ್ನು ಹಿಡಿದ ಹಾಗೆ ಹಿಡಿಯಿರಿ" ಎಂದಿದ್ದರು. ಹಾಗೆಯೇ ಹಿಡಿದೆ. ರಬ್ಬರ್ ತೋಟಗಳ ನಡುವಿನ ಆ ತಿರುವುಗಳಲ್ಲಿ ನಾನು ಹಿಡಿದುಕೊಳ್ಳಲು ಮಾತ್ರ ಏನೂ ಇರಲಿಲ್ಲ.

ಕೊಕ್ಕಡದ ಕ್ಲಿನಿಕ್ಕು ಒಬ್ಬ ಲೇಡಿ ಡಾಕ್ಟರರದು. ಹಿಂದಿನ ದಿನ ಹೊರಗಿನಿಂದ ಸರ್ಜನ್ ಬಂದು ಅಲ್ಲೇ ಒಂದು ಸಣ್ಣ ಆಪರೇಷನ್ ಮಾಡಿದ್ದರು. ಡಾಕ್ಟರಮ್ಮ ಹೆಬ್ಬೆರಳಿನಷ್ಟು ದೊಡ್ಡ ಒಂದು ಬಾಟಲಿ ತಂದು ದೂಮಣ್ಣನ ಕೈಗಿಟ್ಟರು. ಔಷಧಿಯ ನೀರಿನಲ್ಲಿ ಒಂದು ಮಾಂಸದ ತುಣುಕು. "ಇದು ಒಂದೇ ಇರುವುದು ದೂಮಣ್ಣ. ಗಡ್ಡೆ ಪೂರ್ತಿ ತೆಗೆದಾಗಿದೆ. ರಕ್ತವಾದರೆ ಮತ್ತೆ ತೆಗೆಯಬಹುದು, ಇದನ್ನು ಮತ್ತೆ ತೆಗೆಯಲಿಕ್ಕೆ ಇಲ್ಲ" ಎಂದರು. ನಾನು ಕಸುಬಿನವನು, ನನಗೆ ಬಿಡಿಸಿ ಹೇಳುವ ಅಗತ್ಯವಿರಲಿಲ್ಲ. ಎದೆಯ ಗಡ್ಡೆ. ಕ್ಯಾನ್ಸರೋ ಅಲ್ಲವೋ ಎಂದು ಹೇಳಬೇಕಾದದ್ದು ಆ ತುಣುಕು ಒಂದೇ.

ದೂಮಣ್ಣ ಹೆಸರು ಓದದಿದ್ದರೇನು, ಹೆಸರಿನವರೇ ಬಾಗಿಲಲ್ಲಿ ನಿಂತಿದ್ದರು. ನೆಬಿಸಾ ಎಂಬ ಹೆಂಗಸು, ಮೂವತ್ತೈದು ಇರಬಹುದು. ತಲೆಗೆ ಬಟ್ಟೆ, ಎಡಗೈಯನ್ನು ಮೈಗೆ ಒತ್ತಿ ಹಿಡಿದಿದ್ದರು. ಮನೆಯಲ್ಲಿ ಬೀಡಿ ಕಟ್ಟುವವರು. ಕೈ ಎತ್ತಲು ಆಗದೆ ಎರಡು ದಿನದಿಂದ ಬೀಡಿಯೂ ಇಲ್ಲ ಎಂದು ನಕ್ಕರು.

"ರಿಪೋರ್ಟ್ ಯಾವಾಗ ಬರ್ತದೆ?" ಎಂದು ಬಾಟಲಿಯನ್ನೇ ನೋಡುತ್ತ ಕೇಳಿದರು.

"ಶುಕ್ರವಾರ" ಎಂದರು ದೂಮಣ್ಣ.

"ಬೆಳಿಗ್ಗೆಯಾ? ನನ್ನ ಗಂಡ ಕಡಲಿನ ಆಚೆ ಜುಬೈಲ್‌ನಲ್ಲಿ ಇರುವುದು. ಶುಕ್ರವಾರ ಇಲ್ಲಿ ಜುಮಾ ನಮಾಜು ಆದ ಮೇಲೆ ಈ ಪಕ್ಕದ ಅಂಗಡಿಗೆ ಫೋನ್ ಮಾಡ್ತಾರೆ. ಅವರಿಗೆ ನಾನು ಎಂತದ್ದೂ ಹೇಳಲಿಲ್ಲ. ಹೇಳಿದರೆ ಕೆಲಸ ಬಿಟ್ಟು ಬರ್ತಾರೆ, ಹಾಗಿನ ಜನ. ಬಂದ ಮೇಲೆ ಕೆಟ್ಟದ್ದಲ್ಲ ಅಂತ ಆದರೆ? ಹೋದ ಕೆಲಸ ಪುನಃ ಸಿಗ್ತದಾ? ಹೇಳದೆ ಇದ್ದು, ಕೆಟ್ಟದ್ದೇ ಆದರೆ..." ಬಲಗೈಯಿಂದ ತಲೆಯ ಬಟ್ಟೆ ಸರಿಮಾಡಿಕೊಂಡರು. "ಗೊತ್ತಾದ ಮೇಲೆ ಫೋನ್ ಬಂದರೆ ಎಂತ ಹೇಳಬೇಕು ಅಂತ ಗೊತ್ತಿರ್ತದೆ."

ನನಗೆ ಯಾಕೆ ಬಾಯಿ ತುರಿಸಿತೋ ದೇವರಿಗೇ ಗೊತ್ತು. "ನೀವೇನೂ ಚಿಂತಿ ಮಾಡಬ್ಯಾಡ್ರಿ ಅಕ್ಕಾರ. ನನ್ನ ತೊಡಿ ಮ್ಯಾಲ ಇಟ್ಕೊಂಡು ನಾನ ಮುಟ್ಟಸ್ತೀನಿ" ಎಂದು ಅಂದುಬಿಟ್ಟೆ. ಅವರಿಗೆ ನನ್ನ ಕನ್ನಡ ಅರ್ಧ ತಿಳಿದಿರಬೇಕು, ತಲೆಯಾಡಿಸಿದರು.

ಗುರುವಾಯನಕೆರೆ

ಗುರುವಾಯನಕೆರೆ ಮೂರು ದಾರಿ ಕೂಡುವ ಜಾಗ. ಅಲ್ಲಿನ ಹೋಟೆಲಿನ ಬನ್ಸ್ ತಿಂದರೆ ರೊಟ್ಟಿ ಮರೆಯುತ್ತದೆ, ನಾನು ಎರಡನ್ನು ಮುಗಿಸಿ ಮೂರನೆಯದನ್ನು ನೋಡುತ್ತಿದ್ದೆ. ದೂಮಣ್ಣ ರಸ್ತೆಯಾಚೆಯ ಕ್ಲಿನಿಕ್ಕಿನಿಂದ ಮಲೇರಿಯಾದ ಸ್ಲೈಡುಗಳನ್ನು ತರಬೇಕಿತ್ತು. "ಪೆಟ್ಟಿಗೆ ಬಿಟ್ಟು ಏಳಬೇಡಿ, ಐದು ನಿಮಿಷ. ಸೋಡಾದಂಗಡಿಯವರು ಐಸ್ ತಂದು ಕೊಟ್ಟರೆ ಹಾಕಿಸಿಕೊಳ್ಳಿ" ಎಂದು ಹೇಳಿ ಹೋದರು.

ಐಸಿನವನು ಬರಲಿಲ್ಲ, ಬೇರೊಬ್ಬರು ಬಂದರು. ಮೀನು ಮಾರುವ ಹಸನಬ್ಬ ಬ್ಯಾರಿ. ಅವರ ಹೆಸರು ನನಗೆ ಆಮೇಲೆ ಗೊತ್ತಾಯಿತು, ಆಗ ಗೊತ್ತಾದದ್ದು ವಾಸನೆ ಮಾತ್ರ. ಅವರ ಎಂ80 ಗಾಡಿಯ ಹಿಂದೆ ದೊಡ್ಡ ಪ್ಲಾಸ್ಟಿಕ್ ಕ್ರೇಟು, ಕೈಯಲ್ಲಿ ಒಂದು ಬಿಳಿ ಥರ್ಮೋಕೋಲ್ ಪೆಟ್ಟಿಗೆ, ಯಾರದೋ ಮನೆಯ ಸಮಾರಂಭಕ್ಕೆ ವಿಶೇಷವಾಗಿ ತರಿಸಿದ ಅಂಜಲ್ ಮೀನು. ಅದನ್ನು ನಮ್ಮ ಪೆಟ್ಟಿಗೆಯ ಪಕ್ಕದಲ್ಲೇ ಬೆಂಚಿಗಿಟ್ಟು ಅವರು ಕೈ ತೊಳೆಯಲು ಹಿಂದೆ ಹೋದರು. ನಾನು ಕರವಸ್ತ್ರ ಬಿಗಿಮಾಡಿಕೊಂಡು, ಹೊಸದಾಗಿ ಬಾಮು ಹಚ್ಚಿ, ಬೆಂಚು ಬಿಟ್ಟು ಬಾಗಿಲಿನ ಗಾಳಿಗೆ ಎದ್ದು ನಿಂತೆ. ಪೆಟ್ಟಿಗೆ ಕಣ್ಣಿಗೆ ಕಾಣುತ್ತಿದೆಯಲ್ಲ, ಏಳು ಹೆಜ್ಜೆ ಏನು ಮಹಾ ಅಂದುಕೊಂಡೆ.

"ಹೋಗುವ!" ಎಂದು ದೂಮಣ್ಣ ರಸ್ತೆಯಿಂದಲೇ ಕೂಗಿದರು. ಬೈಕು ಆಗಲೇ ಗುಡುಗುಡು ಎನ್ನುತ್ತಿತ್ತು. ನಾನು ಬಾಯಲ್ಲಿ ಬನ್ಸಿನ ಕೊನೆಯ ತುಂಡು ತುರುಕಿ, ಓಡಿ ಹೋಗಿ, ಹತ್ತಿರದ ಪೆಟ್ಟಿಗೆ ಎತ್ತಿಕೊಂಡು ಹಿಂದೆ ಕುಳಿತೆ. ಕೊಂಚ ಭಾರವಾಗಿದೆ ಅನ್ನಿಸಿತು. ನಾನು ರಸ್ತೆ ನೋಡುತ್ತಿದ್ದಾಗ ಐಸು ಹಾಕಿ ಹೋಗಿದ್ದಾರೆ ಎಂದುಕೊಂಡೆ. ಅದೇ ಬಿಳುಪು, ಅದೇ ಅಳತೆ, ಅದೇ ಸೈಕಲ್ ಟ್ಯೂಬಿನ ಕಟ್ಟು. ವೇಣೂರು ದಾಟುವಾಗ ಪ್ಯಾಂಟಿನ ಮೇಲೆ ತಣ್ಣಗೆ ನೀರು ಇಳಿಯಿತು. ಆ ಬಿಸಿಲಿನಲ್ಲಿ ಅದು ಹಿತವಾಗಿಯೇ ಇತ್ತು. ಗಾಳಿ ಮುಂದಿನಿಂದ ಹಿಂದಕ್ಕೆ ಬೀಸುವುದರಿಂದ ದೂಮಣ್ಣನಿಗೆ ಏನೂ ತಿಳಿಯಲಿಲ್ಲ. ಹಿಂದೆ ಕುಳಿತ ನನ್ನ ಮೂಗಿಗೋ ಬಾಮಿನ ಬೀಗ.

ಮೂಡಬಿದಿರೆ

ಲ್ಯಾಬಿನ ಮೆಟ್ಟಿಲು ಹತ್ತುವಾಗ ಎರಡು ಬೆಕ್ಕುಗಳು ಎಲ್ಲಿಂದಲೋ ಬಂದು ನನ್ನ ಕಾಲಿಗೆ ಸುತ್ತಿಕೊಂಡವು. ಪರದೇಶದ ಬೆಕ್ಕುಗಳು ಎಷ್ಟು ಪ್ರೀತಿಯವು ಎಂದು ಮೆಚ್ಚಿಕೊಂಡೆ. ಟೆಕ್ನಿಷಿಯನ್ ಹೆಂಗಸು ಪೆಟ್ಟಿಗೆಯ ಕಟ್ಟು ಬಿಚ್ಚಿದರು, ಮುಚ್ಚಳ ಎತ್ತಿ ಒಳಗೆ ಬಗ್ಗಿ ನೋಡಿದರು.

"ದೂಮಣ್ಣ, ಇದು ಯಾವ ಟೆಸ್ಟಿಗೆ?"

ಒಳಗಿಂದ ಒಂದು ಅಂಜಲ್ ದುಂಡಗೆ ಕಣ್ಣು ಬಿಟ್ಟು ನಮ್ಮನ್ನು ನೋಡುತ್ತಿತ್ತು.

ಯಾರೋ ನಕ್ಕರು. ದೂಮಣ್ಣನ ಮುಖ ನೋಡಿ ನಗು ಅಲ್ಲೇ ನಿಂತಿತು. ಅವರು ನನ್ನ ಕಡೆ ತಿರುಗಲಿಲ್ಲ. ಪೆಟ್ಟಿಗೆಯ ನಾಲ್ಕೂ ಬದಿಗಳನ್ನು ತಿರುಗಿಸಿ ನೋಡಿದರು, ಕೆಂಪಕ್ಷರ ಎಲ್ಲೂ ಇರಲಿಲ್ಲ. ನಾನು ಕರವಸ್ತ್ರ ಕಿತ್ತೆಸೆದೆ. ಆಗ ವಾಸನೆ ಹೊಡೆಯಿತು. ನನ್ನ ಪ್ಯಾಂಟು, ಅಂಗಿ, ಕೈ, ಎಲ್ಲ ಕಡೆಯೂ ಮೀನು. ಆದರೆ ನನಗೆ ನೆನಪಾದದ್ದು ಕೊಕ್ಕಡದ ಬಾಗಿಲಲ್ಲಿ ನಿಂತಿದ್ದ ಹೆಂಗಸು. ನಾನ ಮುಟ್ಟಸ್ತೀನಿ ಎಂದಿದ್ದೆ. ಯಾರು ಕೇಳಿದ್ದರು ನನ್ನನ್ನು? ಶುಕ್ರವಾರ ಆ ಹೆಂಗಸು ಫೋನ್ ಹಿಡಿದು ಗಂಡನಿಗೆ ಏನು ಹೇಳಬೇಕು? ಗಡ್ಡೆ ತೆಗೆದರು, ತೆಗೆದದ್ದನ್ನು ಮೀನಿನವರು ಒಯ್ದರು ಎಂದೇ?

"ದೂಮಣ್ಣಾರ, ತಪ್ಪು ನಂದರೀ. ಬೈದುಬಿಡ್ರಿ ನನಗ" ಎಂದೆ.

"ಬೈದರೆ ಪೆಟ್ಟಿಗೆ ಬರ್ತದಾ? ಹತ್ತಿ" ಎಂದರು ಅವರು. ಅಂಜಲಿನ ಪೆಟ್ಟಿಗೆ ಮತ್ತೆ ನನ್ನ ತೊಡೆ ಏರಿತು. ಅದೂ ಒಬ್ಬರ ಸೊತ್ತು ತಾನೇ.

ವೇಣೂರಿನ ದಾರಿ

ದೂಮಣ್ಣ ಬೈಕನ್ನು ವೇಣೂರಿನ ಕಡೆಗೆ ತಿರುಗಿಸಿದರು. ನಮ್ಮ ಕಡೆಯವರಾಗಿದ್ದರೆ ನನ್ನ ಏಳು ತಲೆಮಾರನ್ನು ಎಳೆದು ತಂದು ಉಗಿದು, ಆಮೇಲೆ ತಣ್ಣಗಾಗುತ್ತಿದ್ದರು. ಇವರ ಬೆನ್ನು ಮಾತ್ರ ನನ್ನ ಮುಂದೆ ಗೋಡೆಯಂತೆ ನಿಂತಿತ್ತು. ಅದಕ್ಕಿಂತ ನಾಲ್ಕು ಏಟು ಕೊಟ್ಟಿದ್ದರೆ ಹಗುರವಾಗುತ್ತಿತ್ತು.

ಹಸನಬ್ಬ ಗುರುವಾಯನಕೆರೆಯಿಂದ ವೇಣೂರಿನ ಕಡೆ ಮನೆ ಮನೆಗೆ ಮಾರುತ್ತ ಬರುವವರು ಎಂಬುದು ದೂಮಣ್ಣನಿಗೆ ಗೊತ್ತಿತ್ತು. ಆದರೆ ಒಳದಾರಿಗಳು ಹತ್ತಾರು, ಯಾವುದಕ್ಕೆ ತಿರುಗಿದ್ದಾರೋ. ಮೊದಲ ನಾಲ್ಕು ಮನೆ ಸಿಕ್ಕಲ್ಲಿ ದೂಮಣ್ಣ ಬೈಕು ನಿಲ್ಲಿಸಿ, ಎಷ್ಟೋ ವರ್ಷದಿಂದ ಮಾಡದ ಕೆಲಸ ಮಾಡಿದರು. ಹಾರ್ನ್ ಒತ್ತಿದರು. ಮೂರು ಸಲ, ಉದ್ದಕ್ಕೆ.

ಹೆಂಗಸರು ಬಟ್ಟಲು ಹಿಡಿದು ಬಂದೇ ಬಂದರು. ಕೂಗಿ ಕೇಳುತ್ತ ಮನೆ ಹತ್ತುವುದಕ್ಕಿಂತ ಇದು ಬೇಗ. ದೂಮಣ್ಣ ತುಳುವಿನಲ್ಲಿ ವಿಚಾರಿಸಿದರು. ಮೀನಿನವರು ಇವತ್ತು ಬರಲೇ ಇಲ್ಲ ಎಂದು ಉತ್ತರ. ಮುಂದಿನ ತಿರುವಿನಲ್ಲಿ ಮತ್ತೆ ಹಾರ್ನು, ಮತ್ತೆ ಬಟ್ಟಲು, ಮತ್ತೆ ಅದೇ ಉತ್ತರ. ಒಬ್ಬ ಅಜ್ಜಿ ನನ್ನ ತೊಡೆಯ ಮೇಲಿನ ಪೆಟ್ಟಿಗೆ ತೋರಿಸಿ ಏನೋ ಗದರಿದರು. "ಏನ್ ಅಂದ್ರರೀ ಅವ್ರು?" ಎಂದು ಕೇಳಿದೆ. "ಮೀನು ಇಟ್ಟುಕೊಂಡು ಇಲ್ಲ ಅಂತೀರಲ್ಲ, ನಾಚಿಕೆ ಆಗುವುದಿಲ್ಲವಾ ಅಂತ" ಎಂದರು ದೂಮಣ್ಣ. ನನಗೆ ನಾಚಿಕೆ ಬೇಕಾದಷ್ಟು ಆಗಿತ್ತು.

ದಿನಾ ಬರುವವರು ಇವತ್ತೇ ಯಾಕೆ ಬರಲಿಲ್ಲ? ಮುಚ್ಚಳ ತೆರೆದು, ಹೆದರಿ, ಪೆಟ್ಟಿಗೆಯನ್ನು ಹೊಳೆಗೆ ಎಸೆದು ಮನೆಗೆ ಹೋಗಿಬಿಟ್ಟರೇ? ನಾನು ಅದನ್ನು ಬಾಯಿಬಿಟ್ಟು ಹೇಳಲಿಲ್ಲ. ದೂಮಣ್ಣನೂ ಅದನ್ನೇ ಯೋಚಿಸುತ್ತಿದ್ದರೆಂದು ಬೈಕಿನ ಓಟದಲ್ಲೇ ತಿಳಿಯುತ್ತಿತ್ತು.

ಅಷ್ಟರಲ್ಲಿ ಎದುರಿನಿಂದ ಒಂದು ಖಾಸಗಿ ಬಸ್ಸು ಬಂತು. ನಮ್ಮನ್ನು ಕಂಡು ಡ್ರೈವರ್ ದೀಪ ಮಿನುಗಿಸಿದ. ಕಂಡಕ್ಟರ್ ಫುಟ್‌ಬೋರ್ಡಿನಿಂದ ಅರ್ಧ ಮೈ ಹೊರಗೆ ಚಾಚಿ ಕೂಗಿದ.

"ದೂಮಣ್ಣಾ! ನಿಮ್ಮ ಪೆಟ್ಟಿಗೆ ಹಸನಬ್ಬ ಬ್ಯಾರಿಗಳ ಹತ್ತಿರ ಉಂಟು! ಮುಂದಿನ ಬಸ್ ಸ್ಟಾಪಲ್ಲಿ ಕೂತಿದ್ದಾರೆ! ಲ್ಯಾಬಿಗೆ ಹೇಳಲಿಕ್ಕೆ ಹೇಳಿದರು!"

ನನಗೆ ಬಂದ ಸಂತೋಷಕ್ಕೆ ಬೈಕಿನ ಮೇಲೇ ಅತ್ತುಬಿಟ್ಟೆ. ಇದನ್ನು ಬರೆಯಲು ನನಗೇನೂ ಸಂಕೋಚವಿಲ್ಲ.

ಹಸನಬ್ಬ ಬಸ್ ಸ್ಟಾಪಿನ ಕಲ್ಲುಬೆಂಚಿನ ಮೇಲೆ ಕುಳಿತಿದ್ದರು. ಅರುವತ್ತರ ಮುದುಕರು, ಬಿಳಿ ಗಡ್ಡ. ಪೆಟ್ಟಿಗೆ ಅವರ ತೊಡೆಯ ಮೇಲಿತ್ತು, ಅದರ ಮೇಲೆ ಬಿಸಿಲು ಬೀಳದಂತೆ ತಲೆಯ ಟವೆಲು ಹೊದಿಸಿದ್ದರು. ಅವರ ತಲೆ ಬರಿದಾಗಿ ಬಿಸಿಲಿಗೆ ಹೊಳೆಯುತ್ತಿತ್ತು. ಪಕ್ಕದಲ್ಲಿ ನಿಂತ ಗಾಡಿಯ ಕ್ರೇಟಿನಲ್ಲಿ ಮೀನು ತುಂಬಿಯೇ ಇತ್ತು, ನೊಣ ಆಡುತ್ತಿತ್ತು.

"ಎಂತ ಬ್ಯಾರಿಗಳೇ, ಮಾರಲಿಕ್ಕೆ ಹೋಗಲಿಲ್ಲವಾ?" ಎಂದು ದೂಮಣ್ಣ ಕೇಳಿದರು.

"ಹೇಗೆ ಹೋಗುವುದು ಮಾರಾಯ? ಮೊದಲ ಮನೆಗೆ ಅಂಜಲ್ ಕೊಡುವ ಅಂತ ಮುಚ್ಚಳ ತೆಗೆದೆ, ರಕ್ತ. ನಿನ್ನದು ಅಂತ ಗೊತ್ತಾಯ್ತು. ನೀನು ಹುಡುಕ್ತಾ ಬರ್ತೀಯ. ನಾನೂ ತಿರುಗ್ತಾ ಇದ್ದರೆ ನಾವಿಬ್ಬರೂ ಕತ್ತಲಾಗುವವರೆಗೆ ತಿರುಗುವುದೇ. ಅದಕ್ಕೆ ರಸ್ತೆ ಬದಿಯಲ್ಲಿ ಕೂತೆ."

ನಾನು ಮುಚ್ಚಳ ತೆಗೆದೆ. ಹಳೆಯ ಐಸು ಕರಗಿದ್ದಕ್ಕೆ ಅವರು ತಮ್ಮ ಕ್ರೇಟಿನ ಐಸನ್ನು ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿ, ಚೀಲಕ್ಕೆ ಎರಡು ಸುತ್ತು ಪತ್ರಿಕೆ ಸುತ್ತಿ, ಕೊಳವೆಗಳಿಗೆ ತಾಗದ ಹಾಗೆ ಮೂಲೆಗೆ ಇಟ್ಟಿದ್ದರು. ಐಸು ನೇರ ತಾಗಿದರೆ ರಕ್ತ ಕೆಡುತ್ತದೆ. ಅದನ್ನು ಕಲಿಯಲು ನಾನು ಎರಡು ವರ್ಷ ಓದಿದ್ದೆ.

"ನಿಮಗ ಇದು ಹೆಂಗ ಗೊತ್ತಾತ್ರಿ?" ಎಂದು ಕೇಳಿದೆ.

"ಮೀನಿಗೂ ಹಾಗೆಯೇ. ಐಸ್ ಮುಟ್ಟಿದ ಕಡೆ ಮಾಂಸ ಸುಡ್ತದೆ. ತಂಪು ಮುಟ್ಟಬೇಕು, ಐಸ್ ಮುಟ್ಟಬಾರದು." ಆಮೇಲೆ ಆ ಸಣ್ಣ ಬಾಟಲಿಯನ್ನು ತೋರಿಸಿ ದನಿ ತಗ್ಗಿಸಿದರು. "ಅದು ಮನುಷ್ಯರದ್ದು ಅಂತ ಕಂಡಿತು. ಯಾರದ್ದು ಅಂತ ನನಗೆ ಬೇಡ. ಬೇಗ ಮುಟ್ಟಿಸಿ."

ಅಂಜಲ್ ಅವರ ಕೈಸೇರಿತು, ಬಾಟಲಿ ನನ್ನ ಕೈಸೇರಿತು. ಮೂಡಬಿದಿರೆಗೆ ಹಿಂದಿರುಗುವಾಗ ಅರ್ಧ ದಾರಿಯಲ್ಲಿ ದೂಮಣ್ಣನ ಬೆನ್ನು ಅಲುಗತೊಡಗಿತು. ಹೆದರಿ ಬಗ್ಗಿ ನೋಡಿದರೆ ನಗುತ್ತಿದ್ದರು. "ಇದು ಯಾವ ಟೆಸ್ಟಿಗೆ ಅಂತೆ!" ಎಂದು ಹೇಳಿ ಮತ್ತೆ ನಕ್ಕರು. ನಗು ತಡೆಯಲಾಗದೆ ಬೈಕನ್ನು ರಸ್ತೆಯ ಬದಿಗೆ ನಿಲ್ಲಿಸಬೇಕಾಯಿತು.

ಲ್ಯಾಬಿನ ದೊಡ್ಡ ಡಾಕ್ಟರು ಒಂದೊಂದನ್ನೂ ಬೆಳಕಿಗೆ ಹಿಡಿದು ನೋಡಿದರು. ಎರಡು ರಕ್ತದ ಕೊಳವೆಗಳನ್ನು ಪುನಃ ತರಿಸಬೇಕು ಎಂದರು. ಬಾಟಲಿಗೆ ಏನೂ ಆಗಿರಲಿಲ್ಲ.

ನಡುವಿನ ದಿನಗಳು

ಮಂಗಳವಾರ ಬೆಳಿಗ್ಗೆ ದೂಮಣ್ಣ ಪೆಟ್ಟಿಗೆಯನ್ನು ಮತ್ತೆ ನನ್ನ ಕೈಗೇ ಕೊಟ್ಟರು. "ಬ್ಯಾಡ್ರಿ, ನಾನು ಬಸ್ಸಿನ್ಯಾಗ ಬರ್ತೀನಿ" ಎಂದರೆ ಕೇಳಲಿಲ್ಲ. "ಒಮ್ಮೆ ಕಳೆದವರೇ ಜಾಸ್ತಿ ಗಟ್ಟಿ ಹಿಡಿಯುವುದು" ಎಂದರು. ಬಾಮಿನ ಡಬ್ಬಿಯನ್ನು ನಾನು ದೂಮಣ್ಣನ ಹೆಂಡತಿಗೆ ಕೊಟ್ಟುಬಿಟ್ಟೆ. ಎರಡು ದಿನ ಮೂಗು ಗೋಳಾಡಿತು, ಮೂರನೆಯ ದಿನ ಸುಮ್ಮನಾಯಿತು. ಗುರುವಾರದ ಹೊತ್ತಿಗೆ ಬಂಗುಡೆ ಯಾವುದು, ಬೂತಾಯಿ ಯಾವುದು ಎಂದು ವಾಸನೆಯಲ್ಲೇ ಹೇಳುತ್ತೇನೆ ಎಂದು ಜಂಬ ಕೊಚ್ಚಿ ಎರಡು ಸಲ ಸೋತೆ.

ಆದರೆ ಮನಸ್ಸು ಶುಕ್ರವಾರದಲ್ಲೇ ಇತ್ತು. ಬಾಟಲಿ ಮುಟ್ಟಿತು ನಿಜ, ಅದರೊಳಗೆ ಏನಿದೆಯೋ ಯಾರಿಗೆ ಗೊತ್ತು. ನಮ್ಮಲ್ಲಿ ದಿನಾ ಹತ್ತಾರು ರಿಪೋರ್ಟು ಬರೆಯುತ್ತೇನೆ, ಒಂದರ ಹಿಂದೆಯೂ ಮುಖ ಕಂಡಿರಲಿಲ್ಲ. ಇಲ್ಲಿ ಬಂದು ಒಂದು ಮುಖ ಅಂಟಿಕೊಂಡಿತ್ತು.

ಕೊಕ್ಕಡ, ಶುಕ್ರವಾರ

ಶುಕ್ರವಾರ ಸುತ್ತು ತಿರುಗುಮುರುಗು. ಮೊದಲು ಮೂಡಬಿದಿರೆಗೆ ಹೋಗಿ ರಿಪೋರ್ಟುಗಳನ್ನು ತೆಗೆದುಕೊಂಡು, ಬೆಳ್ತಂಗಡಿಯ ಮೇಲೆ ಕೊಕ್ಕಡಕ್ಕೆ. ಲಕೋಟೆ ಅಂಟಿಸಿತ್ತು. ಕೊಟ್ಟ ಟೆಕ್ನಿಷಿಯನ್ ಹೆಂಗಸಿನ ಮುಖದಲ್ಲಿ ಏನಾದರೂ ಓದಬಹುದೇ ಎಂದು ನೋಡಿದೆ. ಅವರು ನನಗೆ ಅಂಜಲಿನ ಕ್ಷೇಮ ಕೇಳಿದರು, ಬೇರೇನೂ ಬಾಯಿಬಿಡಲಿಲ್ಲ.

ದಾರಿಯಲ್ಲಿ ದೂಮಣ್ಣನಿಗೆ ಹೇಳಿದೆ, ಸೋಮವಾರದ ಕತೆಯನ್ನು ನೆಬಿಸಕ್ಕನಿಗೆ ಒಪ್ಪಿಸಿ ತಪ್ಪಾಯಿತು ಎನ್ನುತ್ತೇನೆ ಎಂದು. ಅವರು ಒಂದು ತಿರುವು ದಾಟಿಸಿ ಬೈಕಿನ ವೇಗ ತಗ್ಗಿಸಿದರು.

"ಅದು ನಿಮ್ಮ ಭಾರ ಇಳಿಸಲಿಕ್ಕೆ. ಅವರಿಗೆ ಇರುವುದು ಸಾಲದಾ? ಡಾಕ್ಟರಮ್ಮನಿಗೆ ನಾನು ಅವತ್ತೇ ಹೇಳಿ ಆಗಿದೆ. ಇವರ ಹತ್ತಿರ ಇವತ್ತು ಬೇಡ ಮಾರಾಯ್ರೆ."

ನಾನು ಬಾಯಿ ಮುಚ್ಚಿಕೊಂಡೆ. ಆ ವಾರ ನಾನು ಮಾಡಿದ ಒಳ್ಳೆಯ ಕೆಲಸ ಅದೊಂದೇ ಇರಬೇಕು.

ಕ್ಲಿನಿಕ್ಕಿನ ಜಗಲಿಯಲ್ಲಿ ನೆಬಿಸಾ ಬೆಳಗಿನಿಂದ ಕುಳಿತಿದ್ದರಂತೆ. ನಮ್ಮನ್ನು ಕಂಡು ಎದ್ದವರು ಲಕೋಟೆಯನ್ನು ಕೇಳಲಿಲ್ಲ, ಅದು ಡಾಕ್ಟರರ ಕೋಣೆಗೆ ಹೋಗುವುದನ್ನು ನೋಡಿದರು. ಒಳಗೆ ಕರೆ ಬಂತು. ಬಾಗಿಲು ಮುಚ್ಚಿತು. ದೂಮಣ್ಣ ಬೈಕಿನ ಕನ್ನಡಿ ಒರೆಸತೊಡಗಿದರು, ಒರೆಸಿದ್ದನ್ನೇ ಒರೆಸಿದರು. ನಮಾಜು ಮುಗಿಸಿದವರು ರಸ್ತೆಯಲ್ಲಿ ಬರತೊಡಗಿದರು. ಪಕ್ಕದ ಅಂಗಡಿಯ ಫೋನು ನಮ್ಮ ಕಣ್ಣೆದುರಿಗೇ ಇತ್ತು, ಅದು ಈಗಲೇ ರಿಂಗಾಗದಿರಲಿ ಎಂದು ನಾನು ನಮ್ಮೂರಿನ ವೀರನಾರಾಯಣನಿಗೂ ತ್ರಿಕೂಟೇಶ್ವರನಿಗೂ ಒಟ್ಟಿಗೇ ಹರಕೆ ಹೇಳಿಕೊಂಡೆ.

ಬಾಗಿಲು ತೆರೆಯಿತು. ನೆಬಿಸಾ ಹೊರಗೆ ಬಂದು ಜಗಲಿಯ ಕಂಬ ಹಿಡಿದು ನಿಂತರು. ಮುಖ ನೋಡಿದರೆ ಏನೂ ತಿಳಿಯುವಂತಿರಲಿಲ್ಲ.

"ಕೆಟ್ಟದ್ದಲ್ಲವಂತೆ" ಎಂದರು. ನಮಗಲ್ಲ, ಕಂಬಕ್ಕೆ ಹೇಳಿದಂತೆ. "ಬರೀ ಗಡ್ಡೆಯಂತೆ. ಹೋಯಿತಂತೆ." ನಂತರ ಅಲ್ಲೇ ಕುಳಿತು ನೀರು ಕೇಳಿದರು. ನಾನು ಓಡಿಹೋಗಿ ತಂದೆ. ಅವರು ಅರ್ಧ ಲೋಟ ಕುಡಿದು, ಉಳಿದದ್ದರಲ್ಲಿ ಮುಖ ತೊಳೆದುಕೊಂಡರು.

ಅಷ್ಟರಲ್ಲಿ ಫೋನ್ ರಿಂಗಾಯಿತು. "ನೆಬಿಸಾ, ಜುಬೈಲ್!" ಎಂದು ಅಂಗಡಿಯವರು ಕೂಗಿದರು.

ಅವರು ಬಲಗೈಯಿಂದ ಫೋನ್ ಹಿಡಿದು, ಬೆನ್ನು ನಮ್ಮ ಕಡೆ ಮಾಡಿ, ಬ್ಯಾರಿ ಭಾಷೆಯಲ್ಲಿ ಮಾತಾಡತೊಡಗಿದರು. ಮೊದಲು ಮೆಲ್ಲಗೆ, ಆಮೇಲೆ ನಿಲ್ಲದೆ. ನಡುವೆ 'ಡಾಕ್ಟರ್' ಎಂಬ ಶಬ್ದ, 'ಆಪರೇಷನ್' ಎಂಬ ಶಬ್ದ ನನಗೂ ತಿಳಿಯಿತು. ಮತ್ತೆ ಬಹಳ ಹೊತ್ತು ಕೇಳಿಸಿಕೊಂಡರು. ಇದ್ದಕ್ಕಿದ್ದಂತೆ ದನಿ ಏರಿತು. ಗದರಿಸುವ ದನಿ, ಅಂಗಡಿಗೆ ಬಂದವರೆಲ್ಲ ತಿರುಗಿ ನೋಡುವಷ್ಟು ಜೋರು.

ನನಗೆ ಗಾಬರಿಯಾಯಿತು. ದೂಮಣ್ಣನಿಗೆ ಆ ಭಾಷೆ ಬರುತ್ತಿತ್ತು. "ಏನಾತ್ರಿ? ಬೈಯಾಕ ಹತ್ಯಾರಲ್ಲ?" ಎಂದು ಕೇಳಿದೆ.

"ಎಲ್ಲ ಹೇಳಿಬಿಟ್ಟರು. ಗಡ್ಡೆ, ಆಪರೇಷನ್, ಒಂದೂ ಬಿಡಲಿಲ್ಲ. ಕೇಳಿ ಗಂಡ ಆ ಕಡೆ ಅಳ್ತಾ ಇದ್ದಾರಂತೆ. ಎಲ್ಲ ಒಳ್ಳೆದಾದ ಮೇಲೆ ಯಾಕೆ ಅಳುವುದು ಅಂತ ಇವರು ಬೈತಾ ಇರುವುದು."

ಬೈಯುತ್ತಲೇ ನೆಬಿಸಾ ತಲೆಯ ಬಟ್ಟೆಯ ತುದಿಯಿಂದ ತಮ್ಮ ಕಣ್ಣು ಒರೆಸಿಕೊಂಡರು. ಮತ್ತೆ ಒರೆಸಿಕೊಂಡರು. ಫೋನನ್ನು ಮಾತ್ರ ಕೆಳಗಿಡಲಿಲ್ಲ.